ದೀಪ ಹಚ್ಚಿದರೆ ತುಂಬುವ ಬ್ಯಾಟರಿ

ಅರ್ಥಿಂಗ್ ಎಂಬ ಶಬ್ದ ಕಿವಿಗೆ ಬಿದ್ದರೆ ಈ ವಯಸ್ಸಿನಲ್ಲೂ ನನಗೆ ಮೈಯೆಲ್ಲ ಉರಿಯುತ್ತದೆ. ಮೊನ್ನೆ ನಮ್ಮ ಧಾರವಾಡದ ಮನೆಯ ನೀರಿನ ಪಂಪು ಕೆಟ್ಟಿತು. ವೈರ್‌ಮನ್ ಬಂದ, ಬೋರ್ಡು ಬಿಚ್ಚಿದ, ಒಳಗೆ ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದ. ಆಮೇಲೆ, “ಅಜ್ಜಾರ, ಯಾರೋ ತಿಳಿಗೇಡಿಗಳು ಅರ್ಥಿಂಗಿನ ವೈರು ತಪ್ಪು ಜಾಗಾಕ್ಕ ಹಚ್ಯಾರ್ರಿ” ಎಂದ. ಅಷ್ಟಕ್ಕೇ ಅಡಿಗೆಮನೆಯಿಂದ ನಗು ಕೇಳಿಸಿತು. ನನ್ನ ಹೆಂಡತಿ ಯಮುನಾಳದು. ಎಪ್ಪತ್ತು ದಾಟಿದೆ, ಮೊಣಕಾಲು ಹಿಡಿದಿದೆ, ಆ ನಗು ಮಾತ್ರ ಹಾಗೆಯೇ ಇದೆ.

“ಅಜ್ಜಿಯಾರು ಯಾಕ ನಕ್ಕರಿ?” ಎಂದು ವೈರ್‌ಮನ್ ಕೇಳಿದ. “ಅಕಿ ಸುಮ್ಮನ ನಗ್ತಾಳ, ನೀ ನಿನ್ನ ಕೆಲಸ ನೋಡಪಾ” ಎಂದು ಸಿಡುಕಿ ನಾನು ನನ್ನ ಕೋಣೆಗೆ ಹೋಗಿ ಕುಳಿತೆ. ಅಲ್ಲಿಯೂ ನೆಮ್ಮದಿಯಿಲ್ಲ. ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿರುವ ಆ್ಯಮೀಟರು ನನ್ನನ್ನೇ ನೋಡುತ್ತಿತ್ತು.

ಅಂಗೈಯಲ್ಲಿ ಹಿಡಿಯುವಷ್ಟು ಗುಂಡನೆಯ ಡಬ್ಬಿ ಅದು. ಗಾಜಿನೊಳಗೆ ಒಂದು ಮುಳ್ಳು. ನಡುವೆ ಸೊನ್ನೆ, ಬಲಕ್ಕೆ ಕೂಡುವ ಚಿಹ್ನೆ, ಎಡಕ್ಕೆ ಕಳೆಯುವ ಚಿಹ್ನೆ. ಮುಳ್ಳು ಬಲಕ್ಕೆ ಹೋದರೆ ಬ್ಯಾಟರಿ ತುಂಬುತ್ತಿದೆ ಎಂದರ್ಥ, ಎಡಕ್ಕೆ ಹೋದರೆ ಖಾಲಿಯಾಗುತ್ತಿದೆ ಎಂದರ್ಥ. ಈ ಬರಹ ಓದಲು ನಿಮಗೆ ಬೇಕಾದ ವಿಜ್ಞಾನ ಇಷ್ಟೇ. ನನಗೆ ಬೇಕಾಗಿದ್ದದ್ದೂ ಇಷ್ಟೇ. ಆದರೆ ನನ್ನ ಹತ್ತಿರ ಅದಕ್ಕಿಂತ ಬಹಳ ಹೆಚ್ಚಿತ್ತು, ತೊಂದರೆಯಾದದ್ದೇ ಅದರಿಂದ.

ಐವತ್ತರ ದಶಕದಲ್ಲಿ ನಾನು ನಾಗಪುರದಲ್ಲಿದ್ದೆ. ರೈಲ್ವೆಯ ತಂತಿ ವಿಭಾಗದಲ್ಲಿ ನೌಕರಿ, ಅಜನಿಯ ಕಾಲನಿಯಲ್ಲಿ ಎರಡು ಕೋಣೆಯ ಕ್ವಾರ್ಟರ್ಸು, ಮನೆಯಲ್ಲಿ ನಾನು, ಯಮುನಾ, ಮತ್ತು ಗದಗಿನಿಂದ ಬಂದು ನಮ್ಮೊಡನೆ ಇದ್ದ ನನ್ನ ಅವ್ವ. ಸ್ಟೇಷನ್ನಿನಿಂದ ಸ್ಟೇಷನ್ನಿಗೆ ತಿರುಗಿ ತಂತಿಯಂತ್ರಗಳ ಬ್ಯಾಟರಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆಗಿನ ಬ್ಯಾಟರಿಗಳೆಂದರೆ ಗಾಜಿನ ಭರಣಿಗಳ ಸಾಲು. ನಮ್ಮ ಅಡಿಗೆಮನೆಯ ಉಪ್ಪಿನಕಾಯಿಯ ಕಪಾಟಿಗೂ ಸ್ಟೇಷನ್ನಿನ ಬ್ಯಾಟರಿ ಕೋಣೆಗೂ ನೋಟದಲ್ಲಿ ಬಹಳ ವ್ಯತ್ಯಾಸವಿರಲಿಲ್ಲ.

ಈ ಕೆಲಸ ಕಲಿಯುವಾಗ ನಮಗೊಬ್ಬ ಮುದುಕ ಮೇಸ್ತ್ರಿ ಇದ್ದರು. ಕೈಯಲ್ಲಿ ಸದಾ ಒಂದು ಮರದ ರೂಲು. ಅವರು ನಮಗೆ ಕಲಿಸಿದ್ದು ಒಂದೇ ಮಾತು: ಪಾಸಿಟಿವ್ ಮಣ್ಣಿಗೆ, ನೆಗೆಟಿವ್ ತಂತಿಗೆ. ಬ್ಯಾಟರಿಯ ಪಾಸಿಟಿವ್ ತುದಿಯನ್ನು ನೆಲದಲ್ಲಿ ಹೂಳಿದ ತಗಡಿಗೆ ಜೋಡಿಸಬೇಕು, ಅರ್ಥಿಂಗ್ ಎಂದರೆ ಅದೇ, ನೆಗೆಟಿವ್ ತುದಿಯನ್ನು ಕಂಬದ ತಂತಿಗೆ ಕೊಡಬೇಕು. ಹಾಗೆ ಮಾಡಿದರೆ ಮಳೆಗಾಲದಲ್ಲಿ ತಂತಿ ತಿಂದುಹೋಗುವುದಿಲ್ಲ. ಉಲ್ಟಾ ಜೋಡಿಸಿದವನ ಗೆಣ್ಣಿನ ಮೇಲೆ ರೂಲು ಬೀಳುತ್ತಿತ್ತು. ಆರು ತಿಂಗಳು ನಾನು ಸ್ನಾನ ಮಾಡುವಾಗಲೂ ಆ ಮಂತ್ರ ಹೇಳಿಕೊಂಡಿದ್ದೇನೆ. ಆಮೇಲೆ ಮರೆಯಬೇಕೆಂದರೂ ಮರೆಯಲಾಗದಂತೆ ಅದು ಕೈಗೆ ಹತ್ತಿತು.

ಇನ್ನು ಫಟಫಟಿಯ ವಿಷಯ. ಅದನ್ನು ಮೋಟಾರ್ ಸೈಕಲ್ ಎಂದು ಕರೆದವರು ನಮ್ಮ ಕಾಲನಿಯಲ್ಲಿ ಯಾರೂ ಇರಲಿಲ್ಲ. ಯುದ್ಧದ ಕಾಲದ ಮಿಲಿಟರಿ ಗಾಡಿ. ಮೇಲೆ ಕರಿ ಬಣ್ಣ ಬಳಿದಿದ್ದರು, ಎಲ್ಲಿ ಕೆರೆದರೂ ಒಳಗಿಂದ ಖಾಕಿ ಬಣ್ಣ ಇಣುಕುತ್ತಿತ್ತು. ಕಾಮಠಿಯ ಒಬ್ಬ ನಿವೃತ್ತ ಹವಾಲ್ದಾರರಿಂದ ಅದನ್ನು ಕೊಂಡೆ. ಗಾಡಿ ಕೈಗೆ ಕೊಡುವಾಗ ಅವರು ಮಗಳನ್ನು ಕಳಿಸುವವರಂತೆ ಸಾವಿರ ಬುದ್ಧಿಮಾತು ಹೇಳಿದರು. ಕೊನೆಗೆ, “ಔರ್ ಸಬ್ ಕರ್ ಲೇನಾ ಬಾಬೂಜಿ, ಪರ್ ವೈರಿಂಗ್ ಕೋ ಹಾಥ್ ಮತ್ ಲಗಾನಾ” ಎಂದರು. ಬೇರೇನು ಬೇಕಾದರೂ ಮಾಡಿ, ವೈರಿಗೆ ಮಾತ್ರ ಕೈ ಹಚ್ಚಬೇಡಿ ಎಂದು.

ಹೇಳಿದ್ದು ಯಾರಿಗೆ? ತಂತಿ ವಿಭಾಗದವನಿಗೆ. ದಿನವಿಡೀ ವೈರಿನಲ್ಲೇ ಕೈಯಿಟ್ಟು ಅನ್ನ ತಿನ್ನುವವನಿಗೆ. ಈಜುಗಾರನಿಗೆ ಬಾವಿಯ ಹತ್ತಿರ ಹೋಗಬೇಡ ಎಂದ ಹಾಗಾಯಿತು. ನಾನು ಮುಗುಳ್ನಕ್ಕು ಬಂದೆ. ಆದರೆ ಕಾಮಠಿಯಿಂದ ಅಜನಿಯವರೆಗೂ ಆ ಮಾತು ಚಪ್ಪಲಿಯೊಳಗಿನ ಹರಳಿನಂತೆ ಚುಚ್ಚುತ್ತಲೇ ಇತ್ತು.

ಗಾಡಿ ಕೊಂಡದ್ದು ನನ್ನ ಶೋಕಿಗಲ್ಲ ಎಂದು ಹೇಳಿದರೆ ನೀವು ನಂಬಲಿಕ್ಕಿಲ್ಲ. ಅರ್ಧ ಶೋಕಿ ಎಂದು ಒಪ್ಪುತ್ತೇನೆ. ಉಳಿದರ್ಧ ಯಮುನಾಳ ಸಲುವಾಗಿ. ಅವಳು ಮುಲ್ಕಿ ಪಾಸಾದವಳು. ಅಂದರೆ ಏಳನೆಯ ಇಯತ್ತೆ. ಅಲ್ಲಿಗೆ ಮದುವೆಯಾಗಿ ಓದು ನಿಂತಿತ್ತು. ನಾಗಪುರಕ್ಕೆ ಬಂದ ಮೇಲೆ ಪಕ್ಕದ ಮನೆಯ ಹೆಂಗಸರ ಜೊತೆ ಮಾತಾಡುತ್ತಲೇ ಮರಾಠಿ ಕಲಿತಳು, ಕಿರಾಣಿ ಸಾಮಾನು ಕಟ್ಟಿ ಬಂದ ಕಾಗದ ಓದಿ ಹಿಂದಿ ಕಲಿತಳು. ರಾಮದಾಸಪೇಠದ ಒಂದು ಶಾಲೆಯಲ್ಲಿ ಗೃಹಿಣಿಯರಿಗೆ ಮ್ಯಾಟ್ರಿಕ್ಕಿಗೆ ಕೂಡಿಸುವ ಸಂಜೆಯ ತರಗತಿ ಶುರುವಾಗಿದೆ ಎಂದು ತಿಳಿದ ದಿನ, ಅವಳು ನನಗೆ ಎರಡು ಸಲ ಪಲ್ಯ ಬಡಿಸಿದ್ದಳು. ಮೂರನೆಯ ಸಲ ಬಡಿಸುವಾಗ ವಿಷಯ ಹೇಳಿದಳು. ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ಆರರಿಂದ ಎಂಟು.

ಅವ್ವ ಒಪ್ಪಿದಳು, ಆದರೆ ಒಂದು ಷರತ್ತು ಹಾಕಿದಳು. “ಕಲೀಲಿ, ಬ್ಯಾಡ ಅನ್ನೂದಿಲ್ಲ. ಆದ್ರ ನೀನ ಕರ್ಕೊಂಡು ಹೋಗಬೇಕು, ನೀನ ಕರ್ಕೊಂಡು ಬರಬೇಕು. ಪರಊರು, ಕತ್ತಲಾಗಿರ್ತೈತಿ.” ಶಾಲೆಯವರದ್ದೂ ಒಂದು ಷರತ್ತಿತ್ತು. ತಿಂಗಳಿಗೆ ಮೂರು ಸಲ ತಪ್ಪಿಸಿದರೆ ಹಾಜರಿ ಪುಸ್ತಕದಿಂದ ಹೆಸರು ಹೊಡೆಯುತ್ತಾರೆ, ಪರೀಕ್ಷೆಗೆ ಅರ್ಜಿ ಕಳಿಸುವುದಿಲ್ಲ. ನಾನು ಡ್ಯೂಟಿ ಮುಗಿಸಿ ಮನೆಗೆ ಬರುವುದೇ ಐದೂಕಾಲಿಗೆ. ಫಟಫಟಿಯಿದ್ದರೆ ಎಲ್ಲವೂ ಬರೋಬರ್ ಕೂಡಿಬರುತ್ತಿತ್ತು. ಆದರೆ ಚಳಿಗಾಲ, ಆರಕ್ಕೇ ಕತ್ತಲು, ದೀಪವಿಲ್ಲದ ಗಾಡಿಯನ್ನು ಚೌಕದ ಪೊಲೀಸ್ ಬಿಡುತ್ತಿರಲಿಲ್ಲ. ಹೀಗೆ ಯಮುನಾಳ ಮ್ಯಾಟ್ರಿಕ್ಕು ಹೋಗಿ ಹೋಗಿ ಆ ಹಳೆಯ ಗಾಡಿಯ ದೀಪಕ್ಕೆ ಜೋತುಬಿತ್ತು.

ದೀಪದ ವಿಷಯದಲ್ಲಿ ನನ್ನ ಅಹಂಕಾರ ಚಿಕ್ಕಂದಿನದು. ಗದಗಿನ ನಮ್ಮ ಮನೆಯಲ್ಲಿ ಸಂಜೆಯಾದರೆ ಕಂದೀಲಿನ ಗಾಜು ಒರೆಸುವುದು ಮಕ್ಕಳ ಕೆಲಸ. ದೊಡ್ಡವರ ಕೈ ಗಾಜಿನೊಳಗೆ ಹೋಗುವುದಿಲ್ಲ, ಮಕ್ಕಳದು ಹೋಗುತ್ತದೆ. ಹಳೆಯ ಪಂಚೆಯ ಚೂರು, ಸೋಸಿದ ಬೂದಿ, ಬಾಯಿಂದ ಹಾ ಎಂದು ಊದಿದ ಹಬೆ. ಬೆರಳ ತುದಿಗೆಲ್ಲ ಮಸಿ. ಒಂದು ವರ್ಷ ನನ್ನ ಕೈ ಗಾಜಿನ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿತು. ಅಂದಿನಿಂದ ಆ ಕೆಲಸ ತಂಗಿಗೆ ಹೋಯಿತು. ಅದನ್ನು ನಾನು ಬಡ್ತಿ ಎಂದು ತಿಳಿದುಕೊಂಡೆ. ತಂಗಿ ಒರೆಸುತ್ತಿದ್ದಳು, ನಾನು ಪಕ್ಕದಲ್ಲಿ ನಿಂತು ಇಲ್ಲಿ ಮಸಿಯಿದೆ, ಅಲ್ಲಿ ಮಸಿಯಿದೆ ಎಂದು ತೋರಿಸುತ್ತಿದ್ದೆ. ಈಗ ಯೋಚಿಸಿದರೆ ಮುಂದಿನ ನನ್ನ ಸ್ವಭಾವವೆಲ್ಲ ಅಲ್ಲಿಯೇ ತಯಾರಾಗಿತ್ತು.

ಇರಲಿ. ಗಾಡಿಯ ಬ್ಯಾಟರಿ ಹಳೆಯದಾಗಿತ್ತು, ದೀಪ ಮಿಣಮಿಣ ಎನ್ನುತ್ತಿತ್ತು. ಹೊಸದೊಂದು ತಂದು ಭಾನುವಾರ ಅಂಗಳದಲ್ಲಿ ಗಾಡಿ ನಿಲ್ಲಿಸಿಕೊಂಡು ಕೂತೆ. ಹಳೆಯದನ್ನು ಬಿಚ್ಚುವಾಗ ನೋಡುತ್ತೇನೆ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಗಾಡಿಯ ಚೌಕಟ್ಟಿಗೆ ಬಿಗಿದಿದ್ದರು. ಗಾಡಿಗೆ ಚೌಕಟ್ಟೇ ಮಣ್ಣು. ಅಂದರೆ ಮಣ್ಣಿಗೆ ನೆಗೆಟಿವ್. ನನ್ನ ಗೆಣ್ಣಿನ ಮೇಲೆ ಯಾರೋ ರೂಲಿನಿಂದ ಹೊಡೆದಂತಾಯಿತು. ಹವಾಲ್ದಾರರು ವೈರಿಗೆ ಕೈ ಹಚ್ಚಬೇಡಿ ಎಂದದ್ದು ಇದಕ್ಕೇ, ತಮ್ಮ ತಪ್ಪು ಬಯಲಾಗಬಾರದೆಂದು, ಎಂದು ನನಗೆ ಖಾತ್ರಿಯಾಯಿತು. ಹೊಸ ಬ್ಯಾಟರಿಯನ್ನು ತಿರುಗಿಸಿ ಇಟ್ಟೆ. ಪಾಸಿಟಿವ್ ಚೌಕಟ್ಟಿಗೆ, ನೆಗೆಟಿವ್ ದೀಪದ ವೈರಿಗೆ. ಜೋಡಿಸುವಾಗ ಮಂತ್ರವನ್ನೂ ಹೇಳಿದೆ.

ಎಂಜಿನ್ ಇನ್ನೂ ಶುರುಮಾಡಿರಲಿಲ್ಲ. ಸ್ವಿಚ್ಚು ತಿರುಗಿಸಿದೆ. ದೀಪ ಝಗ್ಗೆಂದು ಹತ್ತಿತು. ಗಾಡಿಗೆ ಕೂಡಿಸಿದ್ದ ಆ್ಯಮೀಟರಿನ ಮುಳ್ಳು ನೋಡಿದರೆ ಬಲಕ್ಕೆ, ಕೂಡುವ ಕಡೆಗೆ. ನಿನ್ನೆಯವರೆಗೆ ದೀಪ ಹಚ್ಚಿದರೆ ಸಾಕು, ಅದು ಎಡಕ್ಕೆ ಬೀಳುತ್ತಿತ್ತು. ನಾನು ಅವ್ವನನ್ನೂ ಯಮುನಾಳನ್ನೂ ಕೂಗಿ ಕರೆದೆ.

“ನೋಡ್ರಿ, ಆ ಪುಣ್ಯಾತ್ಮ ಉಲ್ಟಾ ಹಚ್ಚಿದ್ದ. ದೀಪ ಹಚ್ಚಿದ್ರ ಬ್ಯಾಟರಿ ಖಾಲಿ ಆಗ್ತಿತ್ತು. ಈಗ ನೋಡ್ರಿ, ದೀಪ ಹಚ್ಚಿದ್ರ ತುಂಬತೈತಿ.”

“ನನ್ನ ಮಗಾ ತಂತಿ ಖಾತ್ಯಾಂವ” ಎಂದಳು ಅವ್ವ, ಪಕ್ಕದ ಮನೆಗೂ ಕೇಳಿಸುವಂತೆ. ಯಮುನಾ ಬಗ್ಗಿ ಮುಳ್ಳನ್ನು ಸ್ವಲ್ಪ ಹೊತ್ತು ನೋಡಿದಳು. ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಂತೆ ಮಾಡಿ, “ಚಹಾ ಮಾಡ್ಲೇನ್ರಿ?” ಎಂದಳು.

ಸೋಮವಾರ ರಾಜಾರೋಷವಾಗಿ ಹೋಗಿ ಬಂದೆವು. ಎಂಜಿನ್ ಜೋರು ಮಾಡಿದರೆ ಮುಳ್ಳು ಇನ್ನಷ್ಟು ಬಲಕ್ಕೆ ಹಾರಿ ಕೊನೆಗೆ ಹೋಗಿ ಬಡಿಯುತ್ತಿತ್ತು. ಇಷ್ಟು ತುಂಬಿದರೆ ಬ್ಯಾಟರಿ ಒಡೆದೀತೇ ಎಂದು ನನಗೆ ಚಿಂತೆ. ನಡುವೆ ಎಲ್ಲೋ ಸುಟ್ಟ ವಾಸನೆ ಬಂತು. ರಸ್ತೆಯ ಬದಿಯಲ್ಲಿ ಯಾರೋ ಕಸ ಸುಡುತ್ತಿರಬೇಕೆಂದುಕೊಂಡೆ. ಬುಧವಾರ ಮನೆಯಿಂದ ಹೊರಟು ಒಂದು ಮೈಲಿ ಹೋಗಿಲ್ಲ, ದೀಪ ಕೆಂಪಾಗಿ, ಮಂಕಾಗಿ, ಸತ್ತೇಹೋಯಿತು. ಎಂಜಿನ್ನಿಗೆ ಏನೂ ಆಗಿರಲಿಲ್ಲ. ಅದಕ್ಕೆ ಬೇಕಾದ ಕಿಡಿಯನ್ನು ಮ್ಯಾಗ್ನೆಟೋ ಎಂಬ ಇನ್ನೊಂದು ಯಂತ್ರ ತಾನೇ ಹುಟ್ಟಿಸಿಕೊಳ್ಳುತ್ತದೆ. ಫಟಫಟ ಎಂದು ಓಡಲು ಅದು ಸಿದ್ಧ, ದೀಪ ಮಾತ್ರ ಇಲ್ಲ. ಎದುರಿಗೆ ಚೌಕ, ಚೌಕದಲ್ಲಿ ಪೊಲೀಸ್. ತಿರುಗಿ ಮನೆಗೆ ಬಂದೆವು. ಒಂದು ತರಗತಿ ಹೋಯಿತು.

ಮುಂದಿನ ದಿನಗಳನ್ನು ನೆನೆದರೆ ಈಗಲೂ ಹಲ್ಲು ಕಡಿಯುತ್ತೇನೆ. ತುಂಬುತ್ತಲೇ ಇರುವ ಬ್ಯಾಟರಿ ಎರಡು ದಿನಕ್ಕೆ ಖಾಲಿ ಹೇಗಾಗುತ್ತದೆ? ಎಂಜಿನ್ ಓಡುವಾಗ ಬ್ಯಾಟರಿಯನ್ನು ತುಂಬುವ ಡೈನಮೋ ಬಿಚ್ಚಿದೆ, ಒರೆಸಿದೆ, ಮುಚ್ಚಿದೆ. ಡೈನಮೋಕ್ಕೂ ಬ್ಯಾಟರಿಗೂ ನಡುವೆ ಕಟೌಟ್ ಎಂಬ ಪುಟ್ಟ ಡಬ್ಬಿಯಿರುತ್ತದೆ, ಕರೆಂಟಿಗೆ ಬಾಗಿಲು ತೆಗೆದು ಹಾಕುವ ಕೆಲಸ ಅದರದು. ಬಿಚ್ಚಿದರೆ ಅದರ ತುಟಿಗಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಪಾಲಿಶ್ ಕಾಗದದಿಂದ ಉಜ್ಜಿದೆ. ಮರುದಿನ ಮತ್ತೆ ಅಂಟಿದವು, ಮತ್ತೆ ಉಜ್ಜಿದೆ. ವೈರಿನ ಉದ್ದಕ್ಕೂ ಇಲಿ ಕಡಿದಿದೆಯೇ ಎಂದು ಬೆರಳಾಡಿಸಿ ನೋಡಿದೆ. ಆಸಿಡ್ ಬಿದ್ದು ಎರಡು ಧೋತರಗಳಿಗೆ ಜರಡಿಯಂತೆ ತೂತಾದವು. ಹವಾಲ್ದಾರರನ್ನು ಬೈದೆ, ಬ್ಯಾಟರಿ ಮಾಡಿದವರನ್ನು ಬೈದೆ, ಗಾಡಿ ಮಾಡಿದವರನ್ನು ಬೈದೆ. ಕಾಲನಿಯವರು ಒಬ್ಬೊಬ್ಬರೇ ಬಂದು ಅಂಗಳದಲ್ಲಿ ನಿಂತು ಸಲಹೆ ಕೊಟ್ಟರು. ಅವ್ವ ಹ್ಯಾಂಡಲಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದಳು. ಸಲಹೆಗಳಲ್ಲೆಲ್ಲ ಅಪಾಯವಿಲ್ಲದ್ದು ಅದೊಂದೇ.

ನಮ್ಮ ಬ್ಯಾಟರಿ ಚಾರ್ಜಾಗುತ್ತಿದ್ದದ್ದು ನಾಗಪುರದ ಅಂಚಿನ ವಾಡಿಯಲ್ಲಿ, ಲಾರಿಗಳು ನಿಲ್ಲುವ ಕಡೆ, ಪಾಂಡುರಂಗ ಮಿಸ್ತ್ರಿ ಎಂಬವನ ಅಂಗಡಿಯಲ್ಲಿ. ಶುಕ್ರವಾರದ ತರಗತಿಗೆ ಅವನು ತುಂಬಿಸಿಕೊಟ್ಟ ಬ್ಯಾಟರಿಯ ಮೇಲೆ ಹೇಗೋ ಹೋಗಿಬಂದೆವು. ಸೋಮವಾರ ಮತ್ತೆ ಸತ್ತಿತು. ಆ ದಿನ ನಾನೊಂದು ಉಪಾಯ ಮಾಡಿದೆ. ರೈಲ್ವೆಯ ಕೈದೀಪ, ಅದೇ ಗಾರ್ಡುಗಳು ತೋರಿಸುವಂಥದ್ದು, ಕೆಂಪು ಹಸಿರು ಗಾಜು ತಿರುಗುವಂಥದ್ದು, ಅದನ್ನು ಯಮುನಾಳ ಕೈಗೆ ಕೊಟ್ಟು ಹಿಂದೆ ಕೂರಿಸಿಕೊಂಡು ಹೊರಟೆ. ಗಾಡಿ ಕುಲುಕಿದಾಗಲೆಲ್ಲ ಗಾಜು ತಿರುಗುತ್ತಿತ್ತು. ಚೌಕಕ್ಕೆ ಬರುವ ಹೊತ್ತಿಗೆ ನಾವು ಕೆಂಪು ತೋರಿಸುತ್ತ ಬರುತ್ತಿದ್ದೆವು. ಟಾಂಗಾದವನೊಬ್ಬ ಗಾಬರಿಯಾಗಿ ಕುದುರೆ ನಿಲ್ಲಿಸಿದ. ಪೊಲೀಸ್ ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ, “ಹೀ ಗಾಡೀ ಆಹೇ ಕೀ ರೇಲ್?” ಎಂದು ಕೇಳಿದ. ಇದು ಗಾಡಿಯೋ ರೈಲೋ ಎಂದು. ಏಳು ಗಂಟೆಯವರೆಗೆ ನಿಲ್ಲಿಸಿಕೊಂಡ. ಎರಡನೆಯ ತರಗತಿಯೂ ಹೋಯಿತು. ತಿರುಗಿ ಬರುವಾಗ ಗಾಡಿ ತಳ್ಳುತ್ತ ನಾನು ಒಂದೇ ಸಮನೆ ವಟಗುಟ್ಟುತ್ತಿದ್ದೆ. ಯಮುನಾ ಪುಸ್ತಕಗಳನ್ನು ಎದೆಗೆ ಒತ್ತಿಕೊಂಡು ಪಕ್ಕದಲ್ಲಿ ನಡೆದಳು.

ಸೈಕಲ್ ರಿಕ್ಷಾ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು. ಅವ್ವನೇ ಆ ದಿನ, “ಇಬ್ಬರೂ ರಿಕ್ಷಾದಾಗ ಹೋಗ್ರಿ, ಏನಾಗತೈತಿ?” ಎಂದಳು. “ಮನಿ ಮುಂದ ಗಾಡಿ ಇಟ್ಕೊಂಡು ರಿಕ್ಷಾದಾಗ ಹೋಗಲೇನು?” ಎಂದು ಗದರಿದವನು ನಾನು. ರಿಕ್ಷಾ ಹತ್ತಿದರೆ ಆ ಹವಾಲ್ದಾರನ ಮಾತು ಗೆದ್ದಂತೆ ಎಂದು ನನಗೆ ಅನ್ನಿಸುತ್ತಿತ್ತು. ಅವಳ ಪರೀಕ್ಷೆಗಿಂತ ನನಗೆ ಆಗ ಅದೇ ದೊಡ್ಡದಾಗಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ನಿಜ.

ಮಂಗಳವಾರ ಬ್ಯಾಟರಿಯನ್ನು ಮತ್ತೆ ವಾಡಿಗೆ ಒಯ್ದೆ. ಬುಧವಾರ ತರಗತಿ. ತಪ್ಪಿದರೆ ಮೂರನೆಯದು, ಹೆಸರು ಹೊಡೆದಂತೆಯೇ. ಅಷ್ಟರಲ್ಲಿ ಪಾಂಡುರಂಗ ಮಿಸ್ತ್ರಿಗೂ ಬೇಜಾರಾಗಿತ್ತು. ಬ್ಯಾಟರಿ ಒಳ್ಳೆಯದಿದೆ ಎಂದ. ಗಾಡಿಯ ಹತ್ತಿರ ಬಂದು ಬಗ್ಗಿ ನೋಡಿ, “ಸಾಹೇಬ, ಹೇ ಅರ್ಥ್ ಕೋಣೀ ಲಾವಲಂ?” ಎಂದು ಕೇಳಿದ. ಈ ಅರ್ಥ್ ಯಾರು ಜೋಡಿಸಿದ್ದು ಎಂದು. ಮೆಚ್ಚಿ ಕೇಳುತ್ತಿದ್ದಾನೆ ಎಂದುಕೊಂಡೆ. ನಾನೇ ಎಂದು ಹೇಳಿ, ಅಲ್ಲೇ ನಿಂತು ಅವನಿಗೆ ತಂತಿಶಾಸ್ತ್ರದ ಪಾಠ ಶುರುಮಾಡಿದೆ. ಮಣ್ಣಿಗೆ ಯಾಕೆ ಪಾಸಿಟಿವ್, ತುಕ್ಕು ಹೇಗೆ ಹಿಡಿಯುತ್ತದೆ, ದಿಲ್ಲಿಯವರೆಗೆ ಹೋಗುವ ತಂತಿಗಳು ಯಾವ ನಿಯಮದ ಮೇಲೆ ನಿಂತಿವೆ. ಅವನು ನಡುವೆ ಎರಡು ಸಲ ಏನೋ ಹೇಳಲು ಹೋದ. ನಾನು ಬಿಡಲಿಲ್ಲ. ಕೊನೆಗೆ ಅವನು ಕೈ ಒರೆಸಿಕೊಂಡು, “ಬರಂ ಸಾಹೇಬ” ಎಂದು, ಅಂದರೆ ಸರಿ ಸಾಹೇಬ ಎಂದು, ಲಾರಿಯ ಕಡೆಗೆ ಹೋಗಿಬಿಟ್ಟ.

ಬುಧವಾರ ಐದೂವರೆ. ಯಮುನಾ ತಯಾರಾಗಿ ಬಂದು ಅಂಗಳದಲ್ಲಿ ನಿಂತಿದ್ದಳು, ಕೈಯಲ್ಲಿ ಪುಸ್ತಕ, ತಲೆಗೆ ಶಾಲು. ನಾನು ತುಂಬಿದ ಬ್ಯಾಟರಿ ಜೋಡಿಸಿ, ದೀಪ ಹಚ್ಚಿ, ಮುಳ್ಳಿನ ಕಡೆ ಬೆರಳು ಮಾಡಿ, “ನೋಡು, ತುಂಬಾಕತ್ತೈತಿ. ಇವತ್ತು ಏನೂ ಆಗೂದಿಲ್ಲ” ಎಂದೆ.

ಅವಳು ಅಲ್ಲಿಂದ ಕದಲಲಿಲ್ಲ. “ಒಂದು ಕೇಳ್ಲೇನ್ರಿ? ಗಾಡಿ ನಿಂತೈತಿ.”

“ಹೌದು.”

“ದೀಪ ಉರಿಯಾಕತ್ತೈತಿ.”

“ಕಾಣಾಕತ್ತೈತಲ್ಲ.”

“ಮತ್ತ ತುಂಬೂದು ಎಲ್ಲಿಂದ?”

ತಂತಿಶಾಸ್ತ್ರವೆಲ್ಲ ಒಮ್ಮೆ ತಲೆಯೊಳಗೆ ಸುತ್ತಿಬಂತು, ಅದರಲ್ಲಿ ಈ ಪ್ರಶ್ನೆ ಇರಲಿಲ್ಲ. ಸಿಟ್ಟು ಬಂತು. “ಹಂಗಾರ ಮುಳ್ಳು ಸುಳ್ಳು ಹೇಳ್ತೈತೇನು?” ಎಂದೆ.

“ಮುಳ್ಳಿಗೆ ಏನು ಗೊತ್ರಿ ಪಾಪ. ನೀವು ಬ್ಯಾಟರಿ ತಿರುವಿ ಇಟ್ರಿ, ಅದೂ ತಿರುವಿ ತೋರಸ್ತೈತಿ. ಆ ಹವಾಲ್ದಾರ್ರು ಹಚ್ಚಿದಾಗ ದೀಪ ಹತ್ತಿದ್ರ ಅದು ಯಾ ಕಡೆ ಹೋಗ್ತಿತ್ತು?”

“ಎಡಕ್ಕ. ಖಾಲಿ ಆಗೂ ಕಡೆ.”

“ದೀಪ ಹಚ್ಚಿದ್ರ ಖಾಲಿ ಆಗೂದು ಬರೋಬರ್ ಅಲ್ಲೇನ್ರಿ?”

ಅವಳು ಇದನ್ನು ಬಹಳ ಮೆಲ್ಲಗೆ ಹೇಳಿದಳು, ಒಳಗಿದ್ದ ಅವ್ವನಿಗೆ ಕೇಳಿಸದಂತೆ. ನಾನು ಪಾನಾ ಕೈಗೆತ್ತಿಕೊಂಡೆ. ಗೊಣಗುತ್ತಲೇ ಬ್ಯಾಟರಿ ಬಿಚ್ಚಿದೆ, ತಿರುಗಿಸಿದೆ, ನೆಗೆಟಿವ್ ತುದಿಯನ್ನು ಚೌಕಟ್ಟಿಗೆ ಬಿಗಿದೆ. ಬಿಗಿಯುವಾಗ ಗೆಣ್ಣುಗಳು ನಿಜವಾಗಿಯೂ ನೋಯುತ್ತಿದ್ದವು. ಕಟೌಟಿನ ತುಟಿಗಳನ್ನು ಇನ್ನೊಮ್ಮೆ ಉಜ್ಜಿದೆ. ದೀಪ ಹಚ್ಚಿದರೆ ಮುಳ್ಳು ಎಡಕ್ಕೆ ಬಿತ್ತು. ಎಂಜಿನ್ ಶುರುಮಾಡಿ ಜೋರು ಮಾಡಿದೆ. ಮುಳ್ಳು ನಿಧಾನವಾಗಿ ಎದ್ದು ಸೊನ್ನೆಗೆ ಬಂತು, ಸೊನ್ನೆ ದಾಟಿ ಎರಡು ಗೆರೆ ಬಲಕ್ಕೆ ಹೋಗಿ ಅಲ್ಲೇ ಸುಮ್ಮನೆ ಕೂತಿತು. ಸುಟ್ಟ ವಾಸನೆ ಇರಲಿಲ್ಲ. ಚೌಕದ ಪೊಲೀಸ್ ನಮ್ಮ ದೀಪ ನೋಡಿ ಕೈಬೀಸಿ ಬಿಟ್ಟ.

ಶಾಲೆ ಮುಟ್ಟುವಾಗ ಆರೂ ಇಪ್ಪತ್ತು. ಹೆಡ್ ಮಿಸ್ಟ್ರೆಸ್ ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಉಶೀರ್ ಕಾ ಝಾಲಾ?” ಯಾಕೆ ತಡವಾಯಿತು ಎಂದು. ಅವಳು ಇದ್ದದ್ದು ಇದ್ದಂತೆ ಹೇಳುತ್ತಾಳೆ, ಹೇಳಲಿ, ಎಂದು ನಾನು ತಲೆ ತಗ್ಗಿಸಿ ನಿಂತೆ. ಯಮುನಾ ತನ್ನ ಹೊಸ ಮರಾಠಿಯಲ್ಲಿ, ಗಾಡಿಯ ದೀಪ ಕೆಟ್ಟಿತ್ತು, ಇವರು ಈಗ ರಿಪೇರಿ ಮಾಡಿದರು ಎಂದಳು. ಹೆಡ್ ಮಿಸ್ಟ್ರೆಸ್ ಮಸಿ ಮೆತ್ತಿದ ನನ್ನ ಕೈಗಳನ್ನು ನೋಡಿದರು, ನಂಬಿದರು, ಪುಸ್ತಕದಲ್ಲಿ ಗುರುತು ಹಾಕಿದರು. ಎರಡು ತಾಸು ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ಅಷ್ಟು ನಾಚಿಕೆ ನನಗೆ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಅವಳು ಮ್ಯಾಟ್ರಿಕ್ ಪಾಸಾದಳು, ಮುಂದೆ ಶಿಕ್ಷಕಿಯಾದಳು, ನನಗಿಂತ ಎರಡು ವರ್ಷ ತಡವಾಗಿ ನಿವೃತ್ತಳಾದಳು. ಗಾಡಿ ಹೋಯಿತು, ಅದರ ಆ್ಯಮೀಟರನ್ನು ಮಾತ್ರ ಬಿಚ್ಚಿ ಇಟ್ಟುಕೊಂಡೆ. ಫಟಫಟಿ ರಿಪೇರಿ ಮಾಡಿದ್ದು ಮಗನೇ ಎಂದು ಅವ್ವ ಕೊನೆಯವರೆಗೂ ಬಂದವರಿಗೆಲ್ಲ ಹೇಳುತ್ತಿದ್ದಳು. ಆಗ ಯಮುನಾ ಬಡಿಸುತ್ತಲೋ ಮುಸುರೆ ತಿಕ್ಕುತ್ತಲೋ ಇರುತ್ತಿದ್ದಳು. ಒಮ್ಮೆಯೂ ಬಾಯಿ ಬಿಡಲಿಲ್ಲ. ಅರ್ಥಿಂಗ್ ಎಂದು ಯಾರಾದರೂ ಅಂದರೆ ಒಳಗಿಂದ ಆ ನಗು ಬರುತ್ತದೆ, ಅಷ್ಟೇ.

ವೈರ್‌ಮನ್ ಹೋದ ಮೇಲೆ ಇದಿಷ್ಟನ್ನು ಬರೆದು ಅವಳ ಕೈಗೆ ಕೊಟ್ಟೆ. ತಪ್ಪು ಒಪ್ಪಿಕೊಂಡವನ ಗತ್ತು ನನ್ನ ಮುಖದಲ್ಲಿ ಇತ್ತೆಂದು ಕಾಣುತ್ತದೆ. ಅವಳು ಕನ್ನಡಕ ಹಾಕಿಕೊಂಡು ಪೂರಾ ಓದಿದಳು.

“ಒಂದು ಬಿಟ್ಟೀರಿ” ಎಂದಳು.

“ಏನು?”

“ಐತವಾರ ನಮ್ಮನ್ನ ಕರದು ಮುಳ್ಳು ತೋರಿಸಿದ್ರಲ್ಲ, ನನಗ ಆವತ್ತ ಗೊತ್ತಾಗಿತ್ತು.”

“ಮತ್ತ ಯಾಕ ಹೇಳ್ಲಿಲ್ಲ?”

“ಅತ್ತಿಯವರ ಮುಂದ ಹೆಂಗ ಹೇಳ್ಲಿ? ನಿಮ್ಮ ಮಾರಿ ಮ್ಯಾಲೆ ಅಷ್ಟು ಖುಷಿ ಇತ್ತು. ನೀವ ತಿಳಕೋತೀರಿ ಅಂತ ಕಾದೆ.” ಕಾಗದಗಳನ್ನು ಮಡಚಿ ಮೇಜಿನ ಮೇಲಿಟ್ಟು, ಹಾರದಂತೆ ಅವುಗಳ ಮೇಲೆ ಆ್ಯಮೀಟರು ಇಟ್ಟಳು. “ಎರಡು ಕ್ಲಾಸು ನಿಮ್ಮ ಸಲುವಾಗಿ ಬಿಟ್ಟೆ. ಮೂರನೇದು ಬಿಡೂದು ನನ್ನಿಂದ ಆಗ್ಲಿಲ್ರಿ.”